ನೀರಿನ ಕಡೆಯಿಂದ ಶ್ರೀರಂಗಪಟ್ಟಣ: ಒಂದು ಪಾರಂಪರಿಕ ನಡಿಗೆಯ ವಿಮರ್ಶೆ

ಮೈಸೂರಿಗೆ ಹೊರಟವರು ದಾರಿಯಲ್ಲಿ ಶ್ರೀರಂಗಪಟ್ಟಣವನ್ನೂ ನೋಡಿಕೊಂಡು ಹೋಗುವುದು ಹಳೆಯ ರೂಢಿ. ರಂಗನಾಥಸ್ವಾಮಿಯ ದರ್ಶನ, ದರಿಯಾ ದೌಲತ್‌ನಲ್ಲಿ ಒಂದು ಸುತ್ತು, ಗುಂಬಜ್‌ನಲ್ಲಿ ಇನ್ನೊಂದು ಸುತ್ತು, ನಿಮಿಷಾಂಬೆಗೆ ಒಂದು ನಮಸ್ಕಾರ; ಇಷ್ಟಕ್ಕೆ ಊರು ಮುಗಿದುಹೋಗುತ್ತದೆ. 1610ರಿಂದ 1799ರವರೆಗೆ ಒಂದು ರಾಜ್ಯದ ರಾಜಧಾನಿಯಾಗಿದ್ದ, ಅದಕ್ಕೂ ಮೊದಲು ವಿಜಯನಗರದ ಪ್ರತಿನಿಧಿಗಳು ಕುಳಿತು ಆಳಿದ ಊರಿಗೆ ಇಷ್ಟು ಗಮನ ಏನೇನೂ ಸಾಲದು. ಆದ್ದರಿಂದಲೇ ಸ್ಥಳೀಯರ ಒಂದು ಸಣ್ಣ ತಂಡ ವಾರಾಂತ್ಯಗಳಲ್ಲಿ ನಡೆಸುವ ಅರ್ಧ ದಿನದ ಪಾರಂಪರಿಕ ನಡಿಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕೆನ್ನಿಸಿತು. ಇದು ಮೆಚ್ಚತಕ್ಕ ಸೇವೆ. ಇದರಲ್ಲಿ ತಿದ್ದಿಕೊಳ್ಳಬೇಕಾದ ಕೊರತೆಗಳೂ ಇವೆ, ಅವು ಸಣ್ಣವಲ್ಲ.

ಮೊದಲು ಏರ್ಪಾಟಿನ ಮಾತು. ನಡಿಗೆ ಬೆಳಿಗ್ಗೆ ಬಿಸಿಲೇರುವ ಮುನ್ನವೇ ಆರಂಭವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ಕೋಟೆಯ ಒಳಗಿನ ಭಾಗವನ್ನೆಲ್ಲ ಕಾಲ್ನಡಿಗೆಯಲ್ಲಿ ತೋರಿಸಿ, ದ್ವೀಪದ ಪೂರ್ವ ಭಾಗಕ್ಕೆ ಆಟೋಗಳಲ್ಲಿ ಕರೆದೊಯ್ಯುತ್ತಾರೆ. ಗುಂಪಿನಲ್ಲಿ ಹೆಚ್ಚು ಜನರನ್ನು ಸೇರಿಸಿಕೊಳ್ಳುವುದಿಲ್ಲವಾದ್ದರಿಂದ ಪ್ರಶ್ನೆ ಕೇಳಲು ಎಲ್ಲರಿಗೂ ಅವಕಾಶ ಸಿಗುತ್ತದೆ. ವಿವರಣೆ ಶುದ್ಧ ಕನ್ನಡದಲ್ಲಿರುತ್ತದೆ. ಕೇಳಿಕೊಂಡರೆ ಇಂಗ್ಲಿಷಿನಲ್ಲಿಯೂ ಹೇಳುತ್ತಾರೆ. ಸ್ಮಾರಕಗಳ ಪ್ರವೇಶ ಟಿಕೆಟ್ಟನ್ನು ನಾವೇ ಕೊಳ್ಳಬೇಕು ಎಂಬುದನ್ನು ಹೆಸರು ನೋಂದಾಯಿಸುವಾಗಲೇ ಸ್ಪಷ್ಟವಾಗಿ ತಿಳಿಸಿರುತ್ತಾರೆ. ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಅಚ್ಚಾದ ಒಂದು ನಕ್ಷೆ ಕೊಡುತ್ತಾರೆ. ಕೋಟೆಯ ಎರಡು ಸುತ್ತು ಗೋಡೆಗಳು, ಕಂದಕ, ಬಾಗಿಲುಗಳು, ರೈಲು ಹಳಿ, ಇಂದಿನ ಬೀದಿಗಳು ಎಲ್ಲವನ್ನೂ ಒಂದೇ ಹಾಳೆಯಲ್ಲಿ ಗುರುತಿಸಿರುವ ಇಂಥ ನಕ್ಷೆ ನನಗೆ ಬೇರೆಲ್ಲೂ ದೊರೆತಿಲ್ಲ. ಅಕ್ಷರಗಳು ಮಾತ್ರ ತೀರ ಚಿಕ್ಕವು, ಹಿರಿಯರಿಗೆ ಓದಲು ಆಗುವುದಿಲ್ಲ.

ಈ ನಡಿಗೆಯ ಹೆಚ್ಚುಗಾರಿಕೆ ಇರುವುದು ಅದು ಆರಂಭವಾಗುವ ಜಾಗದಲ್ಲಿ. ಸಾಮಾನ್ಯ ಮಾರ್ಗದರ್ಶಕರು ದೇವಸ್ಥಾನದ ಮುಂದಿನಿಂದ ಹೊರಡುತ್ತಾರೆ. ಇವರು ಹೊರಡುವುದು ಕಾವೇರಿಯ ಉತ್ತರ ಕವಲಿನ ಮೇಲಿರುವ ವೆಲ್ಲೆಸ್ಲಿ ಸೇತುವೆಯ ಬಳಿಯಿಂದ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿ ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆ ಇದು. ಕಮಾನುಗಳಿಲ್ಲ. ನದಿಯ ಬಂಡೆಯಲ್ಲಿ ನೆಟ್ಟ ಕಲ್ಲುಕಂಬಗಳ ಸಾಲು, ಕಂಬಗಳ ನೆತ್ತಿಯ ಮೇಲೆ ಹೊರಚಾಚಿದ ಬೋದಿಗೆಗಳು, ಅವುಗಳ ಮೇಲೆ ತೊಲೆಗಲ್ಲು ಮತ್ತು ಚಪ್ಪಡಿ: ದೇವಾಲಯದ ಮಂಟಪ ಕಟ್ಟುವ ವಿಧಾನವನ್ನೇ ನದಿಗೆ ಇಳಿಸಿದ್ದಾರೆ. ನೀರು ಕಡಿಮೆಯಿರುವಾಗ ದಡದಿಂದ ಬಗ್ಗಿ ನೋಡಿದರೆ ಕಂಬಗಳ ಮೇಲೆ ಪ್ರವಾಹದ ಗುರುತುಗಳು ಪದರ ಪದರವಾಗಿ ಕಾಣುತ್ತವೆ. ಇಲ್ಲಿ ನಿಲ್ಲಿಸಿಕೊಂಡು, ಪಶ್ಚಿಮದಲ್ಲಿ ಎರಡಾಗಿ ಒಡೆದು ಪೂರ್ವದ ಸಂಗಮದಲ್ಲಿ ಮತ್ತೆ ಕೂಡುವ ಕಾವೇರಿಯ ನಡುವೆ ಈ ದ್ವೀಪ ಹೇಗೆ ಹಾಸಿಕೊಂಡಿದೆ, ಕೋಟೆಯನ್ನು ಪಶ್ಚಿಮದ ತುದಿಯಲ್ಲಿಯೇ ಏಕೆ ಕಟ್ಟಿದರು ಎಂಬುದನ್ನು ಮಾರ್ಗದರ್ಶಕರು ಮೊದಲೇ ಮನದಟ್ಟು ಮಾಡಿಸುತ್ತಾರೆ. ಉತ್ತರಕ್ಕೂ ಪಶ್ಚಿಮಕ್ಕೂ ನದಿಯೇ ಕಂದಕ. ದ್ವೀಪದ ಕಡೆಗಷ್ಟೇ ಮನುಷ್ಯರು ಕಂದಕ ತೋಡಬೇಕಾಯಿತು. ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದೆ ನೋಡುವ ಗೋಡೆ, ಬಾಗಿಲು, ಬತ್ತೇರಿಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಕೋಟೆಯ ಇತಿಹಾಸವನ್ನು ಅವರು ಕಾಲಕ್ರಮದಲ್ಲಿ ಒಪ್ಪಿಸುವುದಿಲ್ಲ, ಎದುರಿಗೆ ಸಿಕ್ಕಿದ ಕಟ್ಟಡದಿಂದ ಹಿಂದಕ್ಕೆ ಹೋಗುತ್ತಾರೆ. 1454ರ ಸುಮಾರಿಗೆ ನಾಗಮಂಗಲದ ತಿಮ್ಮಣ್ಣ ದಂಡನಾಯಕ ವಿಜಯನಗರದ ಅರಸರ ಅಪ್ಪಣೆ ಪಡೆದು ಮೊದಲ ಕೋಟೆ ಕಟ್ಟಿಸಿದ್ದು, 1610ರಲ್ಲಿ ರಾಜ ಒಡೆಯರು ಅದನ್ನು ವಿಜಯನಗರದ ಪ್ರತಿನಿಧಿ ತಿರುಮಲರಾಯನಿಂದ ವಶಪಡಿಸಿಕೊಂಡು ಮೈಸೂರಿನಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಅದೇ ವರ್ಷ ದಸರಾ ಆರಂಭಿಸಿದ್ದು, 1761ರಲ್ಲಿ ಅಧಿಕಾರ ಹೈದರಾಲಿಯ ಕೈಗೆ ಹೋದದ್ದು, ಟಿಪ್ಪು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಗೋಡೆಗಳನ್ನು ಇಮ್ಮಡಿಗೊಳಿಸಿದ್ದು, ಇವೆಲ್ಲ ನಡೆಯುತ್ತ ನಡೆಯುತ್ತಲೇ ಕಿವಿಗೆ ಬೀಳುತ್ತವೆ. ತಿರುಮಲರಾಯನ ಹೆಂಡತಿ ಅಲಮೇಲಮ್ಮ ಒಡೆಯರಿಗೆ ಕೊಟ್ಟಳೆನ್ನುವ ಶಾಪದ ಕಥೆಯನ್ನೂ ಹೇಳುತ್ತಾರೆ. ಅದನ್ನು ಜನರ ಬಾಯಲ್ಲಿ ಉಳಿದು ಬಂದ ಐತಿಹ್ಯವೆಂದೇ ಹೇಳುತ್ತಾರೆಯೇ ಹೊರತು ದಾಖಲೆಯ ಮಾತಿನೊಡನೆ ಬೆರೆಸುವುದಿಲ್ಲ. ಪ್ರವಾಸಿ ತಾಣಗಳಲ್ಲಿ ಈ ಎಚ್ಚರ ಅಪರೂಪ, ಇದಕ್ಕಾಗಿ ಅವರನ್ನು ಅಭಿನಂದಿಸಬೇಕು.

ಕರ್ನಲ್ ಬೇಲಿ ಬಂದೀಖಾನೆಯಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ, ನಿಲ್ಲಬೇಕಾದದ್ದೇ. ನದಿಯ ಬದಿಯಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ, ಇಟ್ಟಿಗೆ ಗಾರೆಯ ಕಮಾನು ಛಾವಣಿಯ ಈ ಕೊಠಡಿಯ ಗೋಡೆಗಳಲ್ಲಿ ರಂಧ್ರ ಕೊರೆದ ಕಲ್ಲುಚಪ್ಪಡಿಗಳು ಹೊರಚಾಚಿಕೊಂಡಿವೆ. ಕೈದಿಗಳನ್ನು ಇವುಗಳಿಗೆ ಸರಪಳಿಯಿಂದ ಕಟ್ಟುತ್ತಿದ್ದರೆಂದು ಹೇಳುತ್ತಾರೆ. ನೆಲದ ಮೇಲೆ ಒಂದು ತೋಪು ಬಿದ್ದಿದೆ; ಮುತ್ತಿಗೆಯ ಕಾಲದಲ್ಲಿ ಮೇಲಿನಿಂದ ಛಾವಣಿಯನ್ನು ಒಡೆದುಕೊಂಡು ಬಿದ್ದದ್ದೆಂದು ಪ್ರತೀತಿ. ಕೈಯನ್ನು ಆ ರಂಧ್ರದ ಹತ್ತಿರ ಹಿಡಿದು ನೋಡಿದರೆ, ಅಲ್ಲಿ ಕಟ್ಟಿಸಿಕೊಂಡವನು ಪೂರ್ತಿ ನಿಲ್ಲಲೂ ಆಗದೆ ಮಲಗಲೂ ಆಗದೆ ಇದ್ದಿರಬೇಕೆಂದು ತಿಳಿಯುತ್ತದೆ. ಹೈದರಾಲಿ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ಬೇಲಿ 1782ರಲ್ಲಿ ಸೆರೆಯಲ್ಲಿಯೇ ಸತ್ತ. ಅದೇ ಯುದ್ಧದಲ್ಲಿ ಸೆರೆಯಾಗಿ ಈ ಊರಿನಲ್ಲಿ ವರ್ಷಗಟ್ಟಲೆ ಕೊಳೆತ ಡೇವಿಡ್ ಬೈರ್ಡ್ ಮಾತ್ರ ಬದುಕಿ ಹೊರಬಂದು, 1799ರ ಮೇ 4ರಂದು ಇದೇ ಕೋಟೆಯ ಮೇಲೆ ಏರಿಬಂದ ಬ್ರಿಟಿಷ್ ಸೈನ್ಯದ ಮುಂದೆ ಕತ್ತಿ ಹಿಡಿದು ನಿಂತ. ಈ ಎರಡು ಸಂಗತಿಗಳನ್ನು ಬಂದೀಖಾನೆಯ ಒಳಗೆ ನಿಂತು ಕೇಳುವುದಕ್ಕೂ ಫಲಕದಲ್ಲಿ ಓದುವುದಕ್ಕೂ ಬಹಳ ಅಂತರವಿದೆ.

ಅಲ್ಲಿಂದ ಗೋಡೆಯ ಗುಂಟ ಕೋಟೆ ಒಡೆದ ಜಾಗಕ್ಕೆ ಹೋಗುತ್ತೇವೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕಸ್ತಂಭ ಅಲ್ಲಿದೆ. ನಡಿಗೆಯ ಅತ್ಯುತ್ತಮ ಭಾಗ ಇದೇ. ಮಾರ್ಗದರ್ಶಕರು ಎಲ್ಲರನ್ನೂ ನದಿಯ ಕಡೆಗೆ ತಿರುಗಿಸಿ ನಿಲ್ಲಿಸಿ, ದಾಳಿ ಮೇ ತಿಂಗಳಲ್ಲಿಯೇ ಏಕೆ ನಡೆಯಿತು ಎಂದು ಕೇಳುತ್ತಾರೆ. ಉತ್ತರ ಎದುರಿಗೇ ಹರಿಯುತ್ತಿರುತ್ತದೆ. ಕೊಡಗಿನಲ್ಲಿ ಮುಂಗಾರು ಹಿಡಿದ ಮೇಲೆ ಕಾವೇರಿಯನ್ನು ದಾಟುವುದು ಆಗದ ಮಾತು. 1791ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರಕ್ಕೆ ಬಂದೂ ಮಳೆ ಮತ್ತು ಆಹಾರದ ಕೊರತೆಯಿಂದ ತನ್ನ ಭಾರಿ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲಿ ಬಂದಾಗ ಮಾತ್ರ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆಯುವ ಒಪ್ಪಂದ ಸಾಧ್ಯವಾಯಿತು. 1799ರಲ್ಲಿ ಜನರಲ್ ಹ್ಯಾರಿಸ್‌ಗೂ ಮಳೆಗಾಲದ ಗಡುವೇ ಇತ್ತು. ಆಚೆ ದಡದ ತೋಪುಗಳು ಗೋಡೆಯನ್ನು ಒಡೆದವು. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಸೈನಿಕರು ಬಂಡೆಗಳ ನಡುವಿನ ತೆಳುನೀರನ್ನು ದಾಟಿ ಗೋಡೆ ಹತ್ತಿ, ಎಡಕ್ಕೊಂದು ಬಲಕ್ಕೊಂದು ತುಕಡಿಯಾಗಿ ಕೋಟೆಯ ಮೇಲೆಯೇ ಸುತ್ತುವರಿದರು. ಒಳಗೋಡೆಗೂ ಹೊರಗೋಡೆಗೂ ನಡುವೆ ಇನ್ನೊಂದು ಕಂದಕ ಇರುವುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿ ಒಂದು ಸರಳವಾದ ಕಲ್ಲುಫಲಕವಿದೆ, ಅಲ್ಲಿ ಹೆಚ್ಚು ಮಾತಾಡದೆ ಎಲ್ಲರಿಗೂ ನೋಡಲು ಸಮಯ ಕೊಡುತ್ತಾರೆ. ಟಿಪ್ಪುವಿನ ವಿಷಯದಲ್ಲಿ ಇಂದು ಎಷ್ಟು ಬಿಸಿ ಮಾತುಗಳಿವೆಯೆಂಬುದು ಎಲ್ಲರಿಗೂ ಗೊತ್ತು. ಈ ತಂಡ ಹೊಗಳಿಕೆಗೂ ನಿಂದೆಗೂ ಇಳಿಯದೆ ಕಣ್ಣೆದುರಿಗಿರುವ ಕಟ್ಟಡ ಮತ್ತು ಅದರ ಕಾಲವನ್ನು ಹೇಳುತ್ತದೆ, ಗುಂಪಿನಲ್ಲಿ ವಾದ ಎದ್ದರೆ ಇಬ್ಬರ ಮಾತನ್ನೂ ಕೇಳಿಸಿಕೊಂಡು ಮುಂದೆ ನಡೆಸುತ್ತದೆ.

ರಂಗನಾಥಸ್ವಾಮಿ ದೇವಾಲಯಕ್ಕೆ ಬರುವ ಹೊತ್ತಿಗೆ ಸಾಲು ಬೆಳೆದಿರುತ್ತದೆ. ಕಾವೇರಿಯ ತೀರದ ರಂಗಕ್ಷೇತ್ರಗಳಲ್ಲಿ ಆದಿರಂಗವೆನಿಸಿದ ಈ ದೇವಾಲಯಕ್ಕೆ ಕ್ರಿ.ಶ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಅಡಿಪಾಯ ಹಾಕಿದನೆಂದು ಪರಂಪರೆ ಹೇಳುತ್ತದೆ. ಹೊಯ್ಸಳರ, ವಿಜಯನಗರದ, ಒಡೆಯರ ಕಾಲಗಳಲ್ಲಿ ಅದು ಬೆಳೆಯಿತು. ಹೈದರಾಲಿ ಕೊಡಿಸಿದ್ದೆಂದು ಹೇಳುವ ರಥವೂ ಇಲ್ಲಿದೆ. ಭಕ್ತರ ದಟ್ಟಣೆಯಲ್ಲಿ ಒಳಗೆ ನಿಂತು ಮಾತಾಡಿ ಪೂಜೆಗೆ ಅಡ್ಡಿಮಾಡಬಾರದೆಂದು ಹೊರಗಿನ ಬಯಲಿನಲ್ಲಿಯೇ ವಿವರಣೆ ಮುಗಿಸಿ, ದರ್ಶನಕ್ಕೆ ಅವರವರಿಗೆ ಬಿಡುತ್ತಾರೆ. ಇದು ಸರಿಯಾದ ಕ್ರಮ. ಅದೇ ಬಯಲಿನ ಬದಿಯಲ್ಲಿ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗ, ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಜನಿಸಿದ ಸ್ಥಳ, ಸ್ವಲ್ಪ ಆಚೆ ಲಕ್ಷ್ಮೀನರಸಿಂಹಸ್ವಾಮಿ ದೇವಾಲಯ. ಅರಮನೆಯ ಪಾಯದ ಕಲ್ಲುಗಳನ್ನು ಬಿಟ್ಟರೆ ಏನೂ ಉಳಿದಿಲ್ಲ.

ಇಲ್ಲಿಂದಲೇ ನನ್ನ ಮುಖ್ಯ ಆಕ್ಷೇಪ ಆರಂಭವಾಗುತ್ತದೆ. ಒಂದೇ ಮಧ್ಯಾಹ್ನದ ಯುದ್ಧಕ್ಕೆ ನಡಿಗೆಯ ಅರ್ಧ ಸಮಯವನ್ನು ಕೊಟ್ಟವರು, ಅದಕ್ಕೂ ಹಿಂದಿನ ಒಂದೂವರೆ ಶತಮಾನದ ಒಡೆಯರ ಆಳ್ವಿಕೆಯನ್ನು ಹತ್ತು ಮಾತುಗಳಲ್ಲಿ ದಾಟಿಬಿಡುತ್ತಾರೆ. ನರಸಿಂಹಸ್ವಾಮಿ ದೇವಾಲಯವನ್ನು ಕಟ್ಟಿಸಿದ ರಣಧೀರ ಕಂಠೀರವ ನರಸರಾಜ ಒಡೆಯರ ಮೂರ್ತಿ ಆ ದೇವಾಲಯದಲ್ಲಿಯೇ ಇದೆ. ಕೈಮುಗಿದು ನಿಂತ, ಆಭರಣಗಳನ್ನೂ ಉಡುಪಿನ ಮಡಿಕೆಗಳನ್ನೂ ಬಿಡಿಬಿಡಿಯಾಗಿ ಕಡೆದ ಆ ಮೂರ್ತಿಯ ಮುಂದೆ ಗುಂಪು ನಿಂತದ್ದು ಫೋಟೋ ತೆಗೆಯುವಷ್ಟು ಹೊತ್ತು. ಕಂಠೀರಾಯಿ ಹಣವೆಂಬ ಚಿನ್ನದ ನಾಣ್ಯವನ್ನು ಟಂಕಿಸಿದ ದೊರೆ ಇವರು. ಕಾವೇರಿಯ ಕವಲನ್ನು ಮೇಲ್ಗಾಲುವೆಯಲ್ಲಿ ದಾಟಿಸಿ ದ್ವೀಪಕ್ಕೆ ನೀರು ತಂದ ಬಂಗಾರದೊಡ್ಡಿ ನಾಲೆಯೂ ಇವರ ಕಾಲದ್ದು. ಇಂದು ರಂಗನತಿಟ್ಟಿನಲ್ಲಿ ಪಕ್ಷಿಗಳು ಗೂಡು ಕಟ್ಟುವ ನಡುಗಡ್ಡೆಗಳು ಉಂಟಾದದ್ದೂ ಅವರ ಕಾಲದ ಒಡ್ಡಿನಿಂದಲೇ. ನದಿಯಿಂದ ಊರನ್ನು ಓದಿಸುತ್ತೇವೆ ಎನ್ನುವ ತಂಡಕ್ಕೆ ನದಿಯನ್ನು ಗದ್ದೆಗೆ ತಿರುಗಿಸಿದ ಈ ದೊರೆಯೇ ಮುಖ್ಯನಾಗಬೇಕಿತ್ತು. ಚಿಕ್ಕದೇವರಾಜ ಒಡೆಯರ ಅಠಾರಾ ಕಚೇರಿ, ಅಂದರೆ ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದ ಆಡಳಿತ, ಈ ಬೀದಿಗಳಿಂದಲೇ ನಡೆಯಿತು. ಸಂಚಿಯ ಹೊನ್ನಮ್ಮ ಚಿಕ್ಕದೇವರಾಜರ ಅರಮನೆಯ ಊಳಿಗದಲ್ಲಿದ್ದುಕೊಂಡು ಕಾವ್ಯ ಬರೆದಳು. ಕನ್ನಡದಲ್ಲಿ ವಿವರಿಸುವ ನಡಿಗೆಯಲ್ಲಿ ಆಕೆಯ ಹೆಸರು ಒಮ್ಮೆಯೂ ಬರಲಿಲ್ಲ. ನನಗೆ ಇದು ನಿಜವಾಗಿಯೂ ನೋವಿನ ವಿಷಯ. ಯುದ್ಧವನ್ನು ವಿವರಿಸುವುದರಲ್ಲಿ ತೋರುವ ಕಾಳಜಿಯ ಕಾಲುಭಾಗವನ್ನು ಈ ಕಡೆಗೆ ಹರಿಸಿದರೂ ನಡಿಗೆ ಬೇರೆಯದೇ ಮಟ್ಟಕ್ಕೆ ಏರುತ್ತದೆ.

ಮದ್ದಿನಮನೆಯ ನಿಲುಗಡೆ ಚಿಕ್ಕದಾದರೂ ಚೊಕ್ಕವಾಗಿದೆ. ಬೆಂಗಳೂರು–ಮೈಸೂರು ಜೋಡಿ ರೈಲು ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪು ಕಾಲದ ಒಂದು ಶಸ್ತ್ರಾಗಾರವನ್ನು ಕೆಡವದೆ, 2017ರಲ್ಲಿ ಇಡಿಯಾಗಿ ಮೇಲೆತ್ತಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಜರುಗಿಸಿ ಇಟ್ಟರು. ಇಟ್ಟಿಗೆ ಸುಣ್ಣದ ಕಟ್ಟಡವೊಂದು ಬಿರುಕು ಬಿಡದೆ ಅಷ್ಟು ದೂರ ಸಾಗಿತೆಂಬುದನ್ನು ಮಕ್ಕಳು ಕಣ್ಣರಳಿಸಿ ಕೇಳಿದರು. ಅದೇ ಜಾಗದಲ್ಲಿ ನಿಂತು, ಹತ್ತೊಂಬತ್ತನೆಯ ಶತಮಾನದಲ್ಲಿ ಮೊದಲ ಹಳಿಯನ್ನು ಕೋಟೆಯ ಗೋಡೆಯನ್ನೇ ಸೀಳಿ ಹಾಕಿದ್ದನ್ನೂ ತೋರಿಸುತ್ತಾರೆ. ಕೋಟೆಯ ಪೂರ್ವದಲ್ಲಿ, ಬೆಂಗಳೂರು ಬಾಗಿಲಿನ ಹತ್ತಿರವಿರುವ ಜಾಮಿಯಾ ಮಸೀದಿಯ ಎರಡು ಮಿನಾರುಗಳಲ್ಲಿನ ಪಾರಿವಾಳದ ಗೂಡುಗಳನ್ನು ಹೊರಗಿನಿಂದಲೇ ತೋರಿಸಿದರು.

ದರಿಯಾ ದೌಲತ್‌ನಲ್ಲಿ ಈ ತಂಡದ ತಯಾರಿ ಮತ್ತೆ ಎದ್ದು ಕಾಣುತ್ತದೆ. 1784ರ ಈ ತೇಗದ ಅರಮನೆಯನ್ನು ಹಸಿರು ಪರದೆಗಳು ಬಿಸಿಲಿನಿಂದ ಮರೆಮಾಡಿರುತ್ತವೆ, ಒಳಗೆ ಹೋಗಿ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಪಶ್ಚಿಮದ ಗೋಡೆಯ ಪೊಳ್ಳಿಲೂರು ಯುದ್ಧದ ಚಿತ್ರದ ಮುಂದೆ ಸುಮ್ಮನೆ ನಿಲ್ಲಿಸಿ ಮೊದಲು ನೀವೇ ನೋಡಿ ಎನ್ನುತ್ತಾರೆ. ಆಮೇಲೆ ಒಂದೊಂದಾಗಿ ತೋರಿಸುತ್ತಾರೆ. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡ ಬೇಲಿ, ಅವನನ್ನು ಸುತ್ತುವರಿದ ಕೆಂಪಂಗಿಯ ಸಿಪಾಯಿಗಳ ಚೌಕ, ಸಿಡಿಯುತ್ತಿರುವ ಮದ್ದಿನ ಬಂಡಿ, ದೂರದರ್ಶಕದಲ್ಲಿ ನೋಡುತ್ತಿರುವ ಫ್ರೆಂಚ್ ಸೇನಾನಿ ಲ್ಯಾಲಿ, ಈ ಗದ್ದಲದ ನಡುವೆ ಗುಲಾಬಿ ಮೂಸುತ್ತಿರುವ ಟಿಪ್ಪು. ಬೆಳಿಗ್ಗೆ ಬಂದೀಖಾನೆಯ ಕತ್ತಲಲ್ಲಿ ಕೇಳಿದ ಹೆಸರು ಇಲ್ಲಿ ಬಣ್ಣದಲ್ಲಿ ಎದುರಾಗುವಂತೆ ದಾರಿಯನ್ನು ಹೆಣೆದಿರುವುದು ಯಾರದೋ ಒಳ್ಳೆಯ ಆಲೋಚನೆ. 1799ರ ನಂತರ ಇಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ತಮ್ಮ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಚಿತ್ರಗಳನ್ನು ಮತ್ತೆ ಬರೆಸಿದ.

ಹೆಚ್ಚು ಜನ ಕಾಲಿಡದ ಗ್ಯಾರಿಸನ್ ಸ್ಮಶಾನವನ್ನು ನಡಿಗೆಯಲ್ಲಿ ಸೇರಿಸಿರುವುದಕ್ಕೆ ಅವರಿಗೆ ಕೃತಜ್ಞತೆ ಹೇಳಬೇಕು. ಸುಮಾರು 300 ಗೋರಿಗಳಿರುವ ಈ ಆವರಣದಲ್ಲಿ ಅಧಿಕಾರಿಗಳ ಜೊತೆ ಅವರ ಹೆಂಡತಿಯರೂ ಕೂಸುಗಳೂ ಮಲಗಿದ್ದಾರೆ; ಡಚ್ಚರ ಸೇವೆಯಿಂದ 1795ರಲ್ಲಿ ಬ್ರಿಟಿಷರ ಸೇವೆಗೆ ಬಂದ ಸ್ವಿಸ್ ಡಿ ಮ್ಯೂರನ್ ರೆಜಿಮೆಂಟಿನವರೂ ಇದ್ದಾರೆ. ಡಿ ಮ್ಯೂರನ್ ಮನೆತನದ ವಂಶಜರೇ ಈಚೆಗೆ ಮುಂದೆ ನಿಂತು ಸ್ಮಶಾನವನ್ನು ಜೀರ್ಣೋದ್ಧಾರ ಮಾಡಿಸಿದರು. ಗೋರಿಗಳ ಮೇಲಿನ ವಯಸ್ಸುಗಳನ್ನು ಓದುತ್ತ ಹೋದರೆ, 1809ರಲ್ಲಿ ಸೈನ್ಯ ಇಲ್ಲಿಂದ ಎದ್ದು ಬೆಂಗಳೂರಿಗೆ ಏಕೆ ಹೋಯಿತೆಂದು ಯಾರೂ ವಿವರಿಸಬೇಕಾಗುವುದಿಲ್ಲ. ಗದ್ದೆಗೆ ನೀರು ಕೊಟ್ಟ ನದಿಯ ಬದಿಯಲ್ಲಿ ಚಳಿಜ್ವರವೂ ಬೀಡುಬಿಟ್ಟಿತ್ತು. ಟಿಪ್ಪುವಿನ ಕಾಲದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದ ದ್ವೀಪದಲ್ಲಿ, 1800ರಲ್ಲಿ ಬ್ರಿಟಿಷರ ಪರವಾಗಿ ನಾಡಿನ ಸಮೀಕ್ಷೆ ಮಾಡಿದ ಫ್ರಾನ್ಸಿಸ್ ಬುಕಾನನ್ ಬಂದಾಗ ಉಳಿದಿದ್ದವರು ಸುಮಾರು 32,000. ಅರಮನೆ, ಕಚೇರಿ, ದಸರಾ ಎಲ್ಲವೂ ಮೈಸೂರಿಗೆ ಹೋದ ಮೇಲೆ, ಅವನ್ನೇ ನಂಬಿ ಬದುಕುತ್ತಿದ್ದ ನೇಕಾರ, ಕಮ್ಮಾರ, ಬಡಗಿಗಳ ಕುಟುಂಬಗಳೂ ಹೊರಟವು.

ದ್ವೀಪದ ಪೂರ್ವ ಭಾಗದ ಗಂಜಾಂ ವಿಷಯದಲ್ಲಿ ನಡಿಗೆ ಸೋಲುತ್ತದೆ. ಟಿಪ್ಪು ಈ ಪೇಟೆಯನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದನೆಂದು ಗ್ಯಾಸೆಟಿಯರ್ ಹೇಳುತ್ತದೆ. ಕೋಟೆಯನ್ನು ಸಾಕಿದ ಪೇಟೆ ಇದು. ಅಷ್ಟು ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ಎಲ್ಲರೂ ದಣಿದಿರುತ್ತಾರೆ, ಆಟೋ ಪೇಟೆಯ ಬೀದಿಗಳಲ್ಲಿ ನಿಲ್ಲದೆ ನೇರವಾಗಿ ಗುಂಬಜ್‌ಗೆ ಹೋಗುತ್ತದೆ. ಹೈದರಾಲಿ, ಅವನ ಹೆಂಡತಿ ಫಾತಿಮಾ ಬೇಗಂ, ಟಿಪ್ಪು ಮೂವರ ಗೋರಿಗಳಿರುವ ಗುಂಬಜ್‌ನ ಕರಿಕಲ್ಲಿನ ನಯವಾದ ಕಂಬಗಳು, ದಂತದ ಕುಸುರಿಯ ಕರಿಮರದ ಬಾಗಿಲುಗಳು ನಿಧಾನವಾಗಿ ನೋಡತಕ್ಕವು. ಅಲ್ಲಿಯೂ ಹದಿನೈದು ನಿಮಿಷದಲ್ಲಿ ಹೊರಡಿಸಿದರು. ಸಂಗಮದಲ್ಲಿ ಗುಂಪು ಚದುರಿ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಹೆದ್ದಾರಿಯ ಸದ್ದಿರುವ ಕಡೆಗಳಲ್ಲೂ ಇದೇ ತೊಂದರೆ. ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಸಣ್ಣ ಧ್ವನಿವರ್ಧಕ ಇದ್ದರೆ ಇದು ನೀಗುತ್ತದೆ.

ಪಶ್ಚಿಮವಾಹಿನಿಯನ್ನು ಪೂರ್ತಿಯಾಗಿ ಕೈಬಿಟ್ಟಿರುವುದು ಇನ್ನೊಂದು ಕೊರತೆ. ಪೂರ್ವಕ್ಕೆ ಹರಿಯುವ ಕಾವೇರಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುವ ಈ ಘಟ್ಟಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಅಸ್ಥಿ ವಿಸರ್ಜನೆಗೆ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲಿಯೇ ಬಿಟ್ಟರು. ನದಿಯಲ್ಲಿ ಬಟ್ಟೆ, ಮಡಕೆ, ಪ್ಲಾಸ್ಟಿಕ್ ತೇಲುವ ಈ ಘಟ್ಟವನ್ನು ಅತಿಥಿಗಳಿಗೆ ತೋರಿಸಲು ಸಂಕೋಚವಾಗುತ್ತದೆಂದು ಮಾರ್ಗದರ್ಶಕರು ಪ್ರಾಮಾಣಿಕವಾಗಿ ಹೇಳಿದರು. ನನ್ನ ಅಭಿಪ್ರಾಯ ಬೇರೆ. ಇಂದಿಗೂ ಜನ ತಮ್ಮ ಬದುಕಿನ ಅತ್ಯಂತ ಭಾರದ ದಿನ ಬರುವ ಜಾಗವನ್ನು ಬಿಟ್ಟು ಈ ಊರಿನ ಇತಿಹಾಸ ಹೇಳಲಾಗದು, ಅದರ ಸ್ಥಿತಿಯನ್ನು ನಾವು ನೋಡಲೇಬೇಕು.

ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಅಂಥ ಊರಿಗೆ ತಕ್ಕ ವಿವರಣೆ ಕೊಡಬಲ್ಲವರು ಈ ತಂಡದವರೆಂದು ನಾನು ನಂಬಿದ್ದೇನೆ, ಆದ್ದರಿಂದಲೇ ಒಂದು ಸಲಹೆ: ನಡಿಗೆಯನ್ನು ಎರಡಾಗಿ ಮಾಡಿ. ಸೇತುವೆಯಿಂದ ಆನೆ ಬಾಗಿಲಿನವರೆಗೆ ಕೋಟೆಯ ನಡಿಗೆ ಒಂದು ಬೆಳಿಗ್ಗೆ. ಪಶ್ಚಿಮವಾಹಿನಿ, ದರಿಯಾ ದೌಲತ್, ಗಂಜಾಂ, ಗುಂಬಜ್, ಸಂಗಮ ಇನ್ನೊಂದು ಬೆಳಿಗ್ಗೆ. ಹೋಗಬಯಸುವವರಿಗೆ ಹೇಳುವುದಿಷ್ಟು. ನವೆಂಬರಿನಿಂದ ಫೆಬ್ರವರಿಯ ಒಳಗೆ ಹೋಗಿ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ದಡದ ದಾರಿಗಳು ಮುಳುಗಿ ಮಾರ್ಗ ಬದಲಾಗುತ್ತದೆ. ಗೋಡೆಯ ಮೇಲಿನ ದಾರಿ ಕೆಲವೆಡೆ ಸಡಿಲ ಕಲ್ಲುಗಳದು, ಮಂಡಿನೋವಿರುವವರು ಮುಂಚೆಯೇ ತಿಳಿಸಿದರೆ ಕೆಳಗಿನ ಬೀದಿಯಲ್ಲಿ ಕರೆದೊಯ್ಯುತ್ತಾರೆ. ಕೋಟೆಯ ಉತ್ತರ ಭಾಗದಲ್ಲಿ ಶೌಚಾಲಯವಾಗಲಿ ಕುಡಿಯುವ ನೀರಾಗಲಿ ಸಿಗುವುದಿಲ್ಲ. ನೀರು, ಟೋಪಿ, ಗಟ್ಟಿಯಾದ ಅಡಿಯ ಪಾದರಕ್ಷೆ ಕಡ್ಡಾಯ. ರಜಾದಿನಗಳಲ್ಲಿ ನಿಮಿಷಾಂಬ ದೇವಾಲಯದ ಕಡೆಗೆ ವಾಹನ ಸಂದಣಿ ಬಹಳ, ಆಟೋದ ಭಾಗ ಇನ್ನಷ್ಟು ತಡವಾಗುತ್ತದೆ.